ಯಾವ ಮೀನ ಯಾವುದ್ರ ಜೋಡಿ? ಕಲ್ಯಾಣಲಿಂದ ನಮ್ಮ ಪಡಸಾಲಿ ತನಕ

ಹ್ವಾದ ವರ್ಷ ದೀಪಾವಳಿ ಆದ ಮ್ಯಾಲ ನಮ್ಮನಿ ಪಡಸಾಲಿದಾಗ ಒಂದು ಗಾಜಿನ ಟಾಕಿ ಬಂದು ಕುಂತದ. ಬೀದರಿಗಿ ಬಂದಾಗ ನೀವ್ ಭಾಳ ಮಂದಿ ನೋಡೀರಿ. "ವೈನಿ, ಇದರಾಗ ಬಣ್ಣದ ಮೀನ ಯಾಕಿಲ್ಲ?" ಅಂತ ಕೇಳಿದೋರು ಭಿ ಇದ್ದೀರಿ. ನಮ್ಮ ಔರಾದ್ ನಾದ್ನಿ ಅಂತೂ, "ಇವು ನಮ್ಮ ಸಂತ್ಯಾಗ ಪಾವ್ ಕಿಲೋ ಲೆಕ್ಕದಾಗ ಮಾರ್ತಾರ, ಇವಕ್ಕ ಲೈಟ್ ಹಚ್ಚಿ ಕುಂದ್ರಿಸೀರಲ್ಲ" ಅಂತ ಹೊಟ್ಟಿ ಹಿಡಕೊಂಡು ನಕ್ಕಳು. ನಗ್ಲಿ. ಆ ಟಾಕಿದಾಗ ಇರೋದು ನಮ್ಮ ಮಾಂಜ್ರಾ ಹೊಳಿ ಸಣ್ಣ ಮೀನ ಅಷ್ಟೇ. ಯಾಕ ಹಂಗ ಅಂತ ಇವತ್ತ ಕುಂತು ಬರೀಲತ್ತೀನಿ. ಶಾಲಿದಾಗ ಮೂವತ್ತು ವರ್ಷ ಇತಿಹಾಸ ಕಲಿಸಿದಾಕಿ ನಾ, ಅದ್ಕೇ ಮೀನಿನ ಮಾತ ತಗದ್ರ ಭಿ ಹಿಂದಕ್ಕ ಹಿಂದಕ್ಕ ಹೋಗ್ತೀನಿ, ಜರಾ ತಾಳ್ಮಿಲಿಂದ ಓದ್ರಿ.

ಮೊದಲ ಟಾಕಿದಾಗ ಇದ್ದದ್ದು ಅಂಗಡಿ ಮೀನಾನೇ. ಮೊಮ್ಮಗಳು ಜಿದ್ದ ಹಿಡದಳು, ಮಗ ತಂದ. ಎರಡು ಗೋಲ್ಡ್ ಫಿಶ್, ನಾಕು ಪಟ್ಟಿ ಪಟ್ಟಿ ಇರೋ ಟೈಗರ್ ಬಾರ್ಬ್, ಎರಡು ಏಂಜಲ್, ಒಂದು ಕರೇ ಸಕ್ಕರ್. ಅಂಗಡಿಯಾತ "ಎಲ್ಲಾ ಕೂಡಿ ಇರ್ತಾವ" ಅಂದಿದ್ನಂತ. ಎಂಟೇ ದಿನದಾಗ ಗೋಲ್ಡ್ ಫಿಶ್ ಬಾಲ ಹರದು ಚಿಂದಿ ಆಯಿತು, ಹತ್ತನೇ ದಿನಕ್ಕ ಏಂಜಲ್ ಮ್ಯಾಲ ತೇಲಿದ್ವು. ಕೂಸು ಎರಡು ದಿನ ಉಣಲಿಲ್ಲ. ನಮ್ಮ ಅತ್ತಿಯೋರು ತೊಂಬತ್ತರ ಸನಿ ಬಂದಾರ, ಮನ್ಯಾಗ ಮೀನಿನ ಹೆಸರು ತಗದ್ರ ಮುಖ ತಿರವೋರು, ಅವರು ಭಿ "ತಿನ್ನಲ್ದೋರ ಮನ್ಯಾಗ ಸಾಯ್ಲಕ ತಂದ್ರೇನು ಪಾಪ" ಅಂದ್ರು. ಆ ಮಾತು ನನಗ ನಟ್ಟಿತು.

ಆಮ್ಯಾಲ ತಿಳೀತು. ಗೋಲ್ಡ್ ಫಿಶ್ ಚೀನಾದ್ದು, ತಣ್ಣೀರಿಂದು. ಟೈಗರ್ ಬಾರ್ಬ್ ಸುಮಾತ್ರಾದ್ದು, ಉದ್ದ ರೆಕ್ಕಿ ಕಂಡ್ರ ಕಚ್ಚೋದು. ಏಂಜಲ್ ಮತ್ತ ಸಕ್ಕರ್ ದಕ್ಷಿಣ ಅಮೆರಿಕಾದ್ದು. ನಾಕು ದಿಕ್ಕಿನ ಮಂದಿಗಿ ಒಂದೇ ಖೋಲಿದಾಗ ಹಾಕಿ ಬಾಗ್ಲಾ ಮುಚ್ಚಿದಂಗ ಆಗಿತ್ತು. ಮತ್ತ ಹೊಸ ಟಾಕಿಗಿ ಮೊದಲನೇ ದಿನಾನೇ ಇಷ್ಟು ಮೀನ ಬಿಟ್ಟಿದ್ದು ನಮ್ಮದೇ ತಪ್ಪು. ಮೀನಿನ ಹೊಲಸು ಅರಗಿಸೋ ಸೂಕ್ಷ್ಮ ಜೀವಿ ಫಿಲ್ಟರಿನಾಗ ಹುಟ್ಟಿ ಬೆಳೀಲಕ ನಾಕರಿಂದ ಆರು ವಾರ ಬೇಕು. ಅದು ಆಗೋ ತನಕ ಹೊಲಸಿನ ಅಮೋನಿಯಾ ನೀರಾಗೇ ಉಳಿತದ, ಮೀನಿಗಿ ಅದೇ ವಿಷ.

ಎರಡನೇ ಸಲ ನಮ್ಮ ತಮ್ಮನ ಮಗ ಔರಾದ್ ರೋಡಿನ ಕೌಠಾ ಪೂಲ್ ಹಂತ್ಯಾಕ ಮಾಂಜ್ರಾ ಹೊಳಿಲಿಂದ ಒಂದು ಕ್ಯಾನಿನಾಗ ಸಣ್ಣ ಸಣ್ಣ ಮೀನ ಹಿಡಕೊಂಡು ಬಂದ. "ಅತ್ತಿ, ಇವು ನಮ್ಮೂರವೇ, ಇವು ಸಾಯಂಗಿಲ್ಲ" ಅಂದ. ಎಣಿಸಿದ್ರ ಹತ್ತೊಂಬತ್ತು. ಬೆಳಗ್ಗ ಹದಿನಾಕು, ಮರುದಿನ ಹತ್ತು. ಸತ್ತದ್ದು ಒಂದು ಭಿ ತೇಲಿಲ್ಲ. ನಾ ಬೆಕ್ಕಿನ ಮ್ಯಾಲ ಸಂಶೆ ಪಟ್ಟೆ. ನಮ್ಮ ಓಣಿಗಿ ಮೀನ ಮಾರ್ಲಕ ಬರೋ ಕಾಕು ಒಬ್ಬಾಕಿ ಇದ್ದಾಳ, ಎದುರಿಗಿನ ಮನಿಗಿ ಬಂದಿದ್ಳು, ಅಕಿಗಿ ಕರದು ತೋರಿಸಿದೆ. ಅಕಿ ಗಾಜಿಗಿ ಮೂಗು ಹಚ್ಚಿ ನೋಡಿ, ಕಲ್ಲಿನ ಹಿಂದ ಸುಮ್ಮ ಕುಂತಿದ್ದ ಬೆರಳುದ್ದದ ಒಂದು ಮೀನಿಗಿ ಕೈ ಮಾಡಿ, "ಬಾಯಿ, ಇದು ಮರಲಿನ ಮರಿ ಅದ. ಬೆಕ್ಕು ಹೊರಗಿಲ್ಲ, ಒಳಗ ಅದ. ಮೀನ ಜೋಡಿ ಹಾಕೋವಾಗ ಬಣ್ಣ ನೋಡಬ್ಯಾಡ್ರಿ, ಬಾಯಿ ನೋಡ್ರಿ" ಅಂದಳು.

ಬಾಯಿ ನೋಡ್ರಿ. ಇತಿಹಾಸ ಓದಿದ ನನಗ ಈ ಮಾತು ಎಲ್ಲೋ ಓದಿದಂಗ ಅನಿಸ್ತು. ಹುಡುಕ್ಲಕ ಹ್ವಾದ್ರ ನಮ್ಮ ಜಿಲ್ಲಾದಾಗೇ ಸಿಕ್ಕಿತು.

ನಮ್ಮ ಬಸವಕಲ್ಯಾಣ, ಅಂದ್ರ ಹಿಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿ ಇತ್ತು ಅಂಬೋದು ಎಲ್ಲರಿಗೂ ಗೊತ್ತದ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1127ರಿಂದ 1138ರ ತನಕ ಆಳಿದ. ಬಸವಣ್ಣೋರು ಕಲ್ಯಾಣಕ್ಕ ಬರೋದಕ್ಕಿಂತ ಮುಂಚಿನ ಮಾತಿದು. ಈ ರಾಜ ಯುದ್ಧಕ್ಕಿಂತ ಪುಸ್ತಕದಾಗ ಹೆಚ್ಚು ಹೆಸರು ಮಾಡಿದಾತ. 1131ರ ಸುಮಾರಿಗಿ ಸಂಸ್ಕೃತದಾಗ 'ಮಾನಸೋಲ್ಲಾಸ' ಅಂತ ದೊಡ್ಡ ಗ್ರಂಥ ಬರೆದ. 'ಅಭಿಲಷಿತಾರ್ಥ ಚಿಂತಾಮಣಿ' ಅಂತ ಭಿ ಅದಕ್ಕ ಕರೀತಾರ. ರಾಜ್ಯ ಹ್ಯಾಂಗ ನಡೆಸಬೇಕು, ಆನಿ ಹ್ಯಾಂಗ ಸಾಕಬೇಕು, ದ್ವಾಸಿ, ವಡಿ, ಇಡ್ಲಿಯಂಥಾ ತಿಂಡಿ ಹ್ಯಾಂಗ ಮಾಡಬೇಕು, ಹಾಡು, ಆಟ, ಎಲ್ಲಾ ಅದರಾಗ ಅದ. ಅದರಾಗೇ 'ಮತ್ಸ್ಯವಿನೋದ' ಅಂತ ಒಂದು ಅಧ್ಯಾಯ, ಗಾಳ ಹಾಕಿ ಮೀನ ಹಿಡಿಯೋ ಆಟದ್ದು.

ಸೋಮೇಶ್ವರ ಮೀನ ಸಾಕಿ ಚಂದ ನೋಡ್ಲಕ ಇದು ಬರೀಲಿಲ್ಲ, ಹಿಡಿಯೋದಕ್ಕೇ ಬರೆದ. ಆದ್ರ ಹಿಡಿಯೋದಕ್ಕ ಮೊದಲು ಮೀನಿನ ಸ್ವಭಾವ ತಿಳೀಬೇಕಲ್ಲ? ಅದ್ಕೇ ಮೂವತ್ತಕ್ಕ ಮೀರಿ ಮೀನಿನ ಜಾತಿ ಹೆಸರು ಹಿಡಿದು ಹೇಳ್ತಾನ. ಸಮುದ್ರದ್ದು ಯಾವುದು, ಹೊಳಿದು ಯಾವುದು; ಮೈ ಮ್ಯಾಲ ಹುರುಪಿ ಇದ್ದದ್ದು ಯಾವುದು, ಇಲ್ಲದ್ದು ಯಾವುದು; ದೊಡ್ಡದು, ನಡುವಿಂದು, ಸಣ್ಣದು ಯಾವುದು ಅಂತ ಪಾಲು ಮಾಡ್ತಾನ. ಆಮ್ಯಾಲ ಯಾವ ಮೀನಿಗಿ ಯಾವ ಉಂಡಿ ಹಾಕಬೇಕು ಅಂತ ಹೇಳ್ತಾನ. ಎಳ್ಳಿಂದು, ಹಿಟ್ಟಿಂದು, ಅನ್ನ ಕಲಸಿದ್ದು ಕೆಲವಕ್ಕ, ಮಾಂಸದ್ದು ಕೆಲವಕ್ಕ. ಗಿಣ್ಣ ಮಾಡ್ದಂಗ ಅಳತಿ ಹಿಡಿದು ಹೇಳಿದ್ದು ಓದಿದ್ರ ನಮ್ಮ ಅಡಿಗಿ ಮನಿ ನೆನಪ ಬರ್ತದ. ದಿನಾ ಒಂದೇ ಜಾಗಾದಾಗ ಹಾಕಿ ರೂಢಿ ಮಾಡಿಸಬೇಕು ಅಂಬೋದು ಭಿ ಅದ.

ಈ ಅಧ್ಯಾಯದ ಬೆಲಿ ಮೊದಲು ಹಿಡಿದಾತ ಸುಂದರ್ ಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕ ಇದ್ದಾತ, ಮೀನಿನ ಶಾಸ್ತ್ರದಾಗ ದೊಡ್ಡ ಹೆಸರು. 1951ರಾಗ ಏಷಿಯಾಟಿಕ್ ಸೊಸೈಟಿ ಪತ್ರಿಕಾದಾಗ ಮತ್ಸ್ಯವಿನೋದದ ಮ್ಯಾಲ ಬರೆದ. ಎಂಟನೂರು ವರ್ಷದ ಹಿಂದ ಒಬ್ಬ ಕನ್ನಡ ನಾಡಿನ ರಾಜ ಮೀನಿಗಿ ಬಾಯಿ, ಮೈ, ಮನಿ ಮೂರೂ ನೋಡಿ ಜಾತಿ ಮಾಡಿದ್ದ ಅಂಬೋದು ಆಗ ಬ್ಯಾರೆ ಮಂದಿಗಿ ತಿಳೀತು. ಮತ್ತ ರಾಜಗ ಅದು ಯಾರು ಹೇಳಿಕೊಟ್ಟರು? ಹೊಳಿ ದಂಡಿದಾಗ ಬಲಿ ಬೀಸೋ ಮಂದೀನೇ ಹೇಳಿರಬೇಕು ಅಂತ ನನ್ನ ಮಾತು. ನಮ್ಮ ಕಾಕು ಅಂದದ್ದು ಅವರ ವಿದ್ಯಾನೇ.

ಹೊಳಿ ಮಂದಿ ಮಾತು ಪುಸ್ತಕಕ್ಕ ಹತ್ತಿದ್ದು ಅಲ್ಲಿಗೇ ಮುಗಿದಿಲ್ಲ. ಫ್ರಾನ್ಸಿಸ್ ಬುಕಾನನ್ ಹೆಸರು ಕೇಳೀರಿ. ಟಿಪ್ಪು ಸತ್ತ ಮ್ಯಾಲ 1800-01ರಾಗ ಮೈಸೂರು ಸೀಮಿ ತಿರುಗಿ ಬರೆದಾತ. ಅವನೇ ಮುಂದ ಹ್ಯಾಮಿಲ್ಟನ್ ಅಂತ ಹೆಸರು ಬದಲು ಮಾಡಿಕೊಂಡು 1822ರಾಗ ಗಂಗಾ ಹೊಳಿ ಮೀನಿನ ಪುಸ್ತಕ ತಂದ. ನಮ್ಮ ಮಾಂಜ್ರಾದಾಗ ಇರೋ ಸಣ್ಣ ಮೀನ ಭಾಳ ಮಟ್ಟಿಗಿ ಗಂಗಾದಾಗ ಭಿ ಆವ, ಅದ್ಕೇ ಅವುಗಳ ಶಾಸ್ತ್ರದ ಹೆಸರು ಅವನು ಇಟ್ಟದ್ದೇ: ಟಿಕ್ಟೊ, ಸೊಫೋರ್, ಡ್ಯಾನಿಕೋನಿಯಸ್, ರಂಗಾ. ಅಲ್ಲಿನ ಮಂದಿ ಬಾಯಾಗಿನ ಹೆಸರಿಗೇ ಅವನು ಶಾಸ್ತ್ರದ ಅಂಗಿ ತೊಡಿಸ್ತಿದ್ದ. ಆಮ್ಯಾಲ ಕರ್ನಲ್ ಸೈಕ್ಸ್ ಅಂಬಾತ ದಖ್ಖನ್ ಸೀಮಿ ಮೀನಿನ ಮ್ಯಾಲ ಬರೆದ. ಅವನು 1839ರಾಗ ಇಟ್ಟ ಹೆಸರು ನೋಡ್ರಿ: ಮುಲ್ಲ್ಯಾ, ಖುದ್ರಿ, ಕೋಲಸ್, ರೋಹ್ತಿ. ಲ್ಯಾಟಿನ್ ಅಂತ ನಾವ್ ಹೆದರ್ತೀವಿ, ಒಳಗ ನೋಡಿದ್ರ ಮರಾಠಿ ಮಾತಾಡೋ ಮೀನಗಾರರ ಮಾತು. ನಮ್ಮ ಕಡಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತ್ಯಾಗ ಕೂಡ್ತಾವ, ಅದ್ಕೇ ಈ ಹೆಸರು ನಮಗ ಪರಕಿ ಅನಸಂಗಿಲ್ಲ.

ಈಗ ನೀರಿನ ಮಾತಿಗಿ ಬರ್ತೀನಿ. ಯಾಕಂದ್ರ ಮೀನ ಮೀನ ಕೂಡಿದ್ರ ಸಾಲದು, ಮೀನಿಗಿ ನೀರು ಕೂಡಬೇಕು.

ನಾ ಭಾಲ್ಕಿ ಕಡಿ ಹಳ್ಳಿ ಮಗಳು, ಬೀದರಿನ ಸೊಸಿ. ಮದಿ ಆಗಿ ಬಂದ ಹೊಸದಾಗ ನನಗ ಆಶ್ಚರ್ಯ ಅನಿಸಿದ್ದು ಒಂದೇ, ಇಲ್ಲಿ ತೊಗರಿ ಬ್ಯಾಳಿ ಎಷ್ಟು ಜಲ್ದಿ ಬೇಯ್ತದ ಅಂತ! ತವರಮನಿ ಬಾಂವಿ ನೀರಾಗ ಬ್ಯಾಳಿ ಇಟ್ಟ್ರ ತಾಸುಗಟ್ಲೆ ಕುದಿಬೇಕು, ಸೋಪು ಹಚ್ಚಿದ್ರ ನೊರಿ ಬರಂಗಿಲ್ಲ. ಕಾರಣ ನೆಲ. ಬೀದರ್ ಊರು ಕುಂತದ್ದು ಕೆಂಪು ಕಲ್ಲಿನ ದಿಬ್ಬದ ಮ್ಯಾಲ. ಮಳಿ ನೀರು ಆ ತೂತು ತೂತಿನ ಕೆಂಪು ಕಲ್ಲಿನಾಗ ಇಳಿದು, ಕೆಳಗಿನ ಕರೇ ಕಲ್ಲು ತಾಕಿ, ಸಂದಿನಾಗಿಂದ ಝರಿ ಆಗಿ ಹೊರಗ ಬರ್ತದ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶದ ಕಡಿ ನೀರಿನ ಗುಟ್ಟು ಇದೇ. ಬಹಮನಿ ಸುಲ್ತಾನರು ಗುಲಬರ್ಗಾಲಿಂದ ರಾಜಧಾನಿ ಬೀದರಿಗಿ ತಂದ ಮ್ಯಾಲ, 15ನೇ ಶತಮಾನದಾಗ, ಇದೇ ನೆಲದ ಗುಣ ಹಿಡಿದು ನೌಬಾದಿನಾಗ ನೆಲದ ಒಳಗೇ ಸುರಂಗ ಕೊರೆದು ನೀರು ಹರಿಸಿದ್ರು. ಇರಾನ್ ಕಡಿ ವಿದ್ಯಾ ಅದು, ಕರೇಜ್ ಅಂತಾರ; ನಾವ್ ಸುರಂಗ ಬಾಂವಿ ಅಂತೀವಿ. ಕೆಂಪು ಕಲ್ಲಿನ ಈ ನೀರು ಮೆತ್ತನ್ನ ನೀರು.

ಭಾಲ್ಕಿ, ಔರಾದ್ ಕಡಿ ಕರೇ ಭೂಮಿ, ಕೆಳಗ ಕರೇ ಕಲ್ಲು. ಆ ನೀರಾಗ ಸುಣ್ಣದ ಅಂಶ ಹೆಚ್ಚು, ಪೆಡಸು ನೀರು. ಮಾಂಜ್ರಾ ಹೊಳಿ ಹರಿಯೋದು ಈ ಕರೇ ನೆಲದ ಮ್ಯಾಲೇ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹಂತ್ಯಾಕ ಡ್ಯಾಮ್ ಕಟ್ಟಿದ ಕಾರಂಜಾ ಭಿ ಮಾಂಜ್ರಾಕ್ಕೇ ಕೂಡೋ ಹೊಳಿ. ಮಾಂಜ್ರಾ ಮುಂದ ಹೋಗಿ ಗೋದಾವರಿಗಿ ಕೂಡ್ತದ. ಕರ್ನಾಟಕದಾಗ ಭಾಳ ಜಿಲ್ಲಾದೋರು ಕೃಷ್ಣಾ, ಕಾವೇರಿ ಮಂದಿ. ನಾವ್ ಗೋದಾವರಿ ಮಂದಿ. ನಮ್ಮ ಹೊಳಿ ಮೀನು ಭಿ ಗೋದಾವರಿ ಬಳಗದ್ದೇ.

ಮತ್ತ ಈ ಹೊಳಿ ವರ್ಷಪೂರ್ತಿ ಹರಿಯೋದಲ್ಲ. ಬ್ಯಾಸಗಿದಾಗ ಮಡು ಮಡು ಆಗಿ ಒಡೀತದ. 2016ರಾಗ ಮ್ಯಾಲಿನ ಲಾತೂರಿಗಿ ರೈಲಿನಾಗ ನೀರು ತಂದದ್ದು ನೆನಪದ ಅಲಾ? ಅಂಥಾ ವರ್ಷದಾಗ ಮಡುವಿನಾಗ ಸಿಕ್ಕ ಸಣ್ಣು, ದೊಡ್ಡು ಎಲ್ಲಾ ಮೀನ ಒಂದೇ ಡಬರಿದಾಗ ಇಟ್ಟಂಗ. ಮರಲು ಗಾಳಿ ಉಸಿರಾಡ್ತದ, ಕೆಸರಾಗ ಭಿ ಬದುಕ್ತದ, ಸಣ್ಣವು ಅದರ ಬಾಯಿಗಿ ಹೋಗ್ತಾವ. ಮಳಿಗಾಲ ಬಂದ್ರ ಉಳಿದ ನಾಕೇ ಮತ್ತ ಹೊಳಿ ತುಂಬಸ್ತಾವ. ತಿನ್ನೋದು, ತಪ್ಪಿಸಿಕೊಳ್ಳೋದು ಎರಡೂ ಸಾವಿರಾರು ವರ್ಷ ಕೂಡಿ ಕಲ್ತಾವ ಅವು. ಹೊಳಿದಾಗ ಓಡ್ಲಕ ಜಾಗಾ ಅದ, ಮುಳ್ಳು, ಬೇರು, ಜಂಡು ಅದ. ನಮ್ಮ ಮೂರು ಫೂಟಿನ ಗಾಜಿನಾಗ ಓಡ್ಲಕ ಎಲ್ಲಿ ಅದ? ಒಂದೇ ಹೊಳಿದು ಆದ್ರ ಕೂಡಿ ಬಾಳ್ತಾವ ಅಂತ ನಮ್ಮ ಹುಡುಗ ತಿಳಿದದ್ದು ಅರ್ಧಾ ಖರೆ, ಅರ್ಧಾ ಸುಳ್ಳು.

ಇನ್ನ ಒಂದು ಮಾತು ಹೇಳಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಮ್ಮ ತವರಮನಿ ಹೊಲದಾಗ ಪಾವಟಿಗಿ ಬಾಂವಿ ಇತ್ತು. ಅದರಾಗ ಸಣ್ಣ ಮೀನ ಇದ್ವು, ನಮ್ಮ ಹಿರಿಯರು ಬಿಟ್ಟದ್ದೋ, ಮಳಿ ನೀರಿನ ಜೋಡಿ ಬಂದದ್ದೋ. ಬಾಲದ ಬುಡಕ್ಕ ಕರೇ ಚುಕ್ಕಿ ಇದ್ದದ್ದು ಒಂದು, ಮೈ ಉದ್ದಕ್ಕ ಕಾಡಿಗಿ ಎಳದಂಗ ಕರೇ ಗೆರಿ ಇದ್ದದ್ದು ಇನ್ನೊಂದು. ನಮ್ಮವ್ವ ಕೊಡ ಮುಳುಗಿಸೋವಾಗ ಕೈಗಿ ಕಚಗುಳಿ ಮಾಡ್ತಿದ್ವು. "ಇವು ಇದ್ರೇ ನೀರು ಜೀವಂತ" ಅಂತಿದ್ಳು, ಬಾಂವಿ ಪೂಜಿ ದಿನ ಒಂದು ಹಿಡಿ ಚುರುಮುರಿ ಹಾಕ್ತಿದ್ಳು. ನಾ ಹದಿನಾರು ವರ್ಷದಾಕಿ ಇದ್ದಾಗ ನಮ್ಮ ತಮ್ಮಗ ಚಳಿಜ್ವರ ಬಂದು ಒಂದು ತಿಂಗಳು ಹಾಸಿಗಿ ಹಿಡದ. ಆಗ ಯಾರೋ ಬಂದು ಸೊಳ್ಳಿ ಮರಿ ತಿನ್ನೋ ಮೀನ ಅಂತ ಹೇಳಿ ಒಂದು ಕೊಡದಾಗ ತಂದು ಕೊಟ್ರು. ಊರಾಗ ಹತ್ತನೇ ಇಯತ್ತಾ ಓದ್ದಾಕಿ ಅಂತ ಆ ಕೊಡ ನನ್ನ ಕೈಯಾಗ ಕೊಟ್ರು. ನಾ ಹೆಮ್ಮೆಲಿಂದ ಪಾವಟಿಗಿ ಇಳಿದು ಬಾಂವಿಗಿ ಸುರಿದೆ. ಎರಡು ವರ್ಷದಾಗ ಕರೇ ಗೆರಿದವು, ಚುಕ್ಕಿದವು ಒಂದೂ ಕಾಣಲಿಲ್ಲ. ಬೂದಿ ಬಣ್ಣದ ಹೊಸಾವೇ ತುಂಬಿದ್ವು. ಅವ್ವ ಏನೂ ಅನಲಿಲ್ಲ. ಮುಂದಿನ ಬಾಂವಿ ಪೂಜಿಗಿ ಚುರುಮುರಿ ಒಯ್ಯಲಿಲ್ಲ ಅಷ್ಟೇ.

ಅದು ಗ್ಯಾಂಬೂಸಿಯಾ ಅಂತ ಭಾಳ ವರ್ಷ ಆದ ಮ್ಯಾಲ ತಿಳೀತು. ಮೂಲ ಉತ್ತರ ಅಮೆರಿಕಾದ್ದು. ಇಟಲಿಯೋರು ಮಲೇರಿಯಾ ತಡೀಲಕ ಅದನ್ನ ಸಾಕಿದ್ರು, ಅಲ್ಲಿಂದ 1928ರಾಗ ನಮ್ಮ ದೇಶಕ್ಕ ಬಂತು. ಅದಕ್ಕಿಂತ ಮುಂಚೆ, 1908ರ ಸುಮಾರಿಗಿ, ದಕ್ಷಿಣ ಅಮೆರಿಕಾದ ಗಪ್ಪಿ ಬಂದಿತ್ತು. ಎರಡೂ ತತ್ತಿ ಇಡಂಗಿಲ್ಲ, ಮರೀನೇ ಹಾಕ್ತಾವ, ಅದ್ಕೇ ಜಲ್ದಿ ಹೆಚ್ಚಾಗ್ತಾವ. ಗ್ಯಾಂಬೂಸಿಯಾ ಸೊಳ್ಳಿ ಮರಿ ತಿನ್ನೋದು ಖರೆ. ಬ್ಯಾರೆ ಮೀನಿನ ತತ್ತಿ, ಮರಿ ತಿನ್ನೋದು, ರೆಕ್ಕಿ ಕಚ್ಚೋದು ಭಿ ಖರೆ. ಮಲೇರಿಯಾ ಸುಳ್ಳಿದ್ದಿಲ್ಲ, ನನ್ನ ತಮ್ಮನ ಜ್ವರ ನಾ ನೋಡೀನಿ. ತಂದೋರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಬಾಂವ್ಯಾಗ ಮೊದಲೇ ಯಾರು ಆರ ಅಂತ ಒಬ್ರೂ ಕೇಳಲಿಲ್ಲ. ನಮ್ಮ ಕರೇ ಗೆರಿ ಮೀನ, ಅದೇ ರಾಸ್ಬೋರಾ ಡ್ಯಾನಿಕೋನಿಯಸ್, ಸೊಳ್ಳಿ ಮರಿ ತಾನೂ ತಿನ್ನೋದೇ! ಮನ್ಯಾಗಿನ ಸೊಸಿ ಮಾಡೋ ಕೆಲಸಕ್ಕ ಹೊರಗಿಂದ ಆಳು ತಂದು ಸೊಸಿನ್ನೇ ಓಡಿಸಿದಂಗ ಆಯಿತು.

ಹೊಳಿ, ಕೆರಿ ಕಥಿ ಭಿ ಹಂಗೇ. ಆಫ್ರಿಕಾದ ತಿಲಾಪಿಯಾ 1952ರಾಗ ಸಿಲೋನಿಂದ ನಮ್ಮ ದೇಶಕ್ಕ ಬಂತು. ಹೆಣ್ಣು ತನ್ನ ತತ್ತಿ ಬಾಯಾಗ ಇಟ್ಕೊಂಡು ಕಾಯ್ತದ, ಮರಿ ಸಾಯೋದು ಕಡಿಮಿ. ತಾಯಿ ಅಂದ್ರ ಅಂಥಾಕಿ, ಬಯ್ಯಲಕ ಮನಸ್ಸು ಬರಂಗಿಲ್ಲ. ಆದ್ರ ಅಕಿ ಬಳಗ ತುಂಬಿದ ಕೆರಿದಾಗ ಬ್ಯಾರೇದಕ್ಕ ಜಾಗಾ ಉಳಿಯಂಗಿಲ್ಲ. 1959ರಾಗೇ ಇದನ್ನ ಹಬ್ಬಿಸಬ್ಯಾಡ್ರಿ ಅಂತ ದೇಶದ ಮೀನುಗಾರಿಕಿ ಸಂಶೋಧನಾ ಸಮಿತಿ ಹೇಳಿತ್ತು. ಹೇಳೋದ್ರಾಗ ಅದು ಹಬ್ಬಿತ್ತು.

ಕಟ್ಲಾ, ರಾಹು, ಮೃಗಲ್‌ದು ಬ್ಯಾರೆ ಕಥಿ. ಇವು ಹರಿಯೋ ನೀರಾಗ, ಮಳಿಗಾಲದ ಪ್ರವಾಹದಾಗ ಮಾತ್ರ ತತ್ತಿ ಇಡ್ತಾವ, ನಿಂತ ಕೆರಿದಾಗ ಇಡಂಗಿಲ್ಲ. 1957ರ ಜುಲೈ 10ಕ್ಕ ಒಡಿಶಾದಾಗ ಹೀರಾಲಾಲ್ ಚೌಧುರಿ ಮತ್ತ ಅಲಿಕುನ್ಹಿ ಅಂಬೋರು ಹಾರ್ಮೋನ್ ಸೂಜಿ ಕೊಟ್ಟು ಈ ಜಾತಿ ಮೀನಿಗಿ ತತ್ತಿ ಇಡಸಿದ್ರು. ಅವತ್ತಿನ ದಿನಾನೇ ಈಗ ದೇಶಕ್ಕೆಲ್ಲ ಮೀನು ಕೃಷಿಕರ ದಿನ. ಅಲ್ಲಿಂದ ಮುಂದ ಮರಿ ಕ್ಯಾನಿನಾಗ ಬರ್ಲಕ ಶುರು ಆಯಿತು, ಕೆರಿ, ಡ್ಯಾಮ್ ಎಲ್ಲಾದರಾಗ ಬಿಟ್ರು. ಎಷ್ಟೋ ಬಡವರ ಮನಿ ಒಲಿ ಇದರಿಂದ ಹತ್ತ್ಯಾವ, ನಮ್ಮ ಕಾಕುನ ಮಗ ಡಿಗ್ರಿ ಓದಿದ್ದು ಕಟ್ಲಾ ಮಾರಿದ ರೊಕ್ಕದಾಗೇ. ಅದಕ್ಕ ನಾ ಕಲ್ಲು ಒಗಿಯಂಗಿಲ್ಲ. ಕಾಕು ಅನ್ನೋದು ಇಷ್ಟೇ: "ದೊಡ್ಡ ಮೀನಿಗಿ ಸರ್ಕಾರ ಅದ, ಸೊಸೈಟಿ ಅದ. ಸಣ್ಣ ಮೀನಿಗಿ ಯಾರೂ ಇಲ್ಲ. ನಮ್ಮವ್ವಗ ಇಪ್ಪತ್ತು ಹೆಸರು ಬರ್ತಿದ್ವು, ನನಗ ಎಂಟು, ನನ್ನ ಸೊಸಿಗಿ ಎಲ್ಲಾ ಒಂದೇ, ಕೀಸ ಮೀನ." ಹೆಸರು ಹ್ವಾದ ಮ್ಯಾಲ ಮೀನ ಹ್ವಾದ್ರ ಯಾರಿಗಿ ತಿಳೀತದ, ಹೇಳ್ರಿ?

ಅದ್ಕೇ ಮೂರನೇ ಸಲ ಟಾಕಿ ತುಂಬಿಸೋವಾಗ ಕಾಕುಗ ಕುರ್ಚಿ ಹಾಕಿ ಕುಂದ್ರಿಸಿ, ಅಕಿ ಹೇಳಿದಂಗ ಮಾಡಿದೆ. ನೀವ್ ಯಾರರೆ ಮಾಡೋರಿದ್ರ ನಾಕು ಮಾತು ನೆನಪಿಡ್ರಿ: ಬಾಯಿ, ಅಟ್ಟ, ಗುಂಪು, ನೀರು.

ಬಾಯಿ ಅಂದ್ರ, ಒಂದರ ಬಾಯಾಗ ಇನ್ನೊಂದು ಹಿಡಿಯಂಗಿರಬಾರದು, ಇವತ್ತಿಂದಲ್ಲ, ಪೂರಾ ಬೆಳೆದ ಮ್ಯಾಲಿನ ಬಾಯಿ ಲೆಕ್ಕ. ಮರಲು ಬ್ಯಾಡ. ಅದರ ಸಣ್ಣ ತಂಗಿ ಗಚುವಾ ಅಂತ ಅದ, ರೆಕ್ಕಿಗಿ ಕೆಂಪು ಅಂಚು, ನೋಡ್ಲಕ ಚಂದ. ಅದು ಭಿ ಒಂಟಿ ಟಾಕಿಗೇ ಸರಿ, ಅದಕ್ಕ ಮ್ಯಾಲ ಮುಚ್ಚಳ ಬೇಕು, ಜಿಗೀತದ. ಮೀಸಿ ಇರೋ ಸಣ್ಣ ಮೀನು, ಗೆರಿ ಗೆರಿ ಇರೋವು, ಹಗಲು ಸಂಭಾವಿತ, ರಾತ್ರಿ ಕಳ್ಳ. ಸಣ್ಣವು ಮಲಗಿದಾಗ ನುಂಗ್ತಾವ. ಗಾಜಿನಂಗ ಮೈ ಆರಪಾರ ಕಾಣೋ ಮೀನಿನಾಗ ಎರಡು ಥರಾ ಆವ. ಗುಂಡನ್ನ ಮೈದು ರಂಗಾ, ಸ್ವಭಾವ ಸಾದಾ, ಆದ್ರ ಜೀವಂತ ಹುಳಾನೇ ಬೇಡ್ತದ, ಒಣ ತಿಂಡಿಗಿ ಜಲ್ದಿ ಬಾಯಿ ಹಾಕಂಗಿಲ್ಲ. ಉದ್ದನ್ನ ಮೈದು ಚಂದಾ ನಾಮಾ, ಅದು ಬ್ಯಾರೆ ಮೀನಿನ ಮೈ ಮ್ಯಾಲಿನ ಹುರುಪಿ ಕಿತ್ತು ತಿನ್ನೋದು. ಹೆಸರಾಗ ಚಂದ ಅದ ಅಂತ ತರಬ್ಯಾಡ್ರಿ.

ಅಟ್ಟ ಅಂದ್ರ, ಮ್ಯಾಲ ಇರೋದು, ನಡುವ ಇರೋದು, ತಳದಾಗ ಇರೋದು ಬ್ಯಾರೆ ಬ್ಯಾರೆ ಆರಿಸಬೇಕು. ಮೂರು ಮಾಳಗಿ ಮನ್ಯಾಗ ಮೂರು ಸಂಸಾರ ಇದ್ರ ಜಗಳ ಕಡಿಮಿ. ನಮ್ಮ ಟಾಕಿ ಮೂರು ಫೂಟು ಉದ್ದ, ಒಂದು ಫೂಟು ಅಗಲ, ಸವ್ವಾ ಫೂಟು ಎತ್ತರ, ಸುಮಾರು 100 ಲೀಟರ್ ನೀರು. ಮ್ಯಾಲಿನ ಅಟ್ಟಕ್ಕ ಕರೇ ಗೆರಿ ರಾಸ್ಬೋರಾ ಆರು. ನಡುವ ಟಿಕ್ಟೊ ಎಂಟು. ಬೆಳ್ಳಿ ಮೈ, ಕಿವಿ ಹಂತ್ಯಾಕ ಒಂದು ಸಣ್ಣ ಚುಕ್ಕಿ, ಬಾಲದ ಕಡಿ ಒಂದು ದೊಡ್ಡ ಚುಕ್ಕಿ, ಗಂಡಿಗಿ ಹಂಗಾಮಿನಾಗ ಕೆಂಪು ಛಾಯಾ ಬರ್ತದ. ತಳಕ್ಕ ಮರಳಾಗ ಹುದುಗೋ ಲೋಚ್ ಜಾತಿದು ನಾಕು; ಅವಕ್ಕ ಚೂಪು ಕಲ್ಲು ಬ್ಯಾಡ, ಸಣ್ಣ ಹೊಳಿ ಉಸುಗು ತೊಳೆದು ಹಾಕೀನಿ, ಇಲ್ಲಂದ್ರ ಮೀಸಿ ಕಿತ್ತು ಹೋಗ್ತಾವ. ಸೈಕ್ಸ್ ಹೆಸರಿಟ್ಟ ಮುಲ್ಲ್ಯಾ ಮೀನು ಕಲ್ಲಿಗಿ ಅಂಟಿಕೊಂಡು ಪಾಚಿ ತಿನ್ನೋದು. ಅದಕ್ಕ ಹರಿಯೋ ನೀರಿನ ಜೋರು ಬೇಕು, ಅದ್ಕೇ ಆಸಿ ಬಿಟ್ಟೆ.

ಗುಂಪು ಅಂದ್ರ, ಈ ಸಣ್ಣವು ಒಂಟಿ ಇದ್ರ ಅಂಜಿ ಮೂಲಿ ಹಿಡೀತಾವ, ಇಲ್ಲಾ ಸಿಟ್ಟಿಗೆದ್ದು ಬ್ಯಾರೇದಕ್ಕ ಕಾಡ್ತಾವ. ಆರಕ್ಕ ಕಡಿಮಿ ಇಡಬ್ಯಾಡ್ರಿ. ಹತ್ತು ಜಾತಿದು ಒಂದೊಂದು ಇಡೋದಕ್ಕಿಂತ ಎರಡು ಮೂರು ಜಾತಿದು ಗುಂಪು ಇಟ್ರ ನೋಡ್ಲಕ ಭಿ ಚಂದ.

ನೀರು ಅಂದ್ರ, ನಮ್ಮ ಬೀದರಿನ ಕೆಂಪು ಕಲ್ಲಿನ ಬಾಂವಿ ನೀರು ನಾ ಹಾಕಿಲ್ಲ. ಮೀನ ಮಾಂಜ್ರಾದ್ದು, ಕರೇ ನೆಲದ್ದು. ನಮ್ಮ ನಳದ ನೀರು ಡ್ಯಾಮಿಂದೇ ಬರ್ತದ. ಒಂದು ದಿನ ಬಕೇಟಿನಾಗ ಬಾಯಿ ತೆರೆದು ಇಟ್ಟು, ಕ್ಲೋರಿನ್ ಹ್ವಾದ ಮ್ಯಾಲ ಹಾಕ್ತೀನಿ. ಹೊಲದಾಗಿನ ಕರೇ ಕಲ್ಲು ನಾಕು ಇಟ್ಟೀನಿ. ಕೆಂಪು ಕಲ್ಲು ಇಟ್ಟು ನೋಡಿದ್ದೆ, ಪುಡಿ ಬಿಟ್ಟು ನೀರೆಲ್ಲಾ ಕೆಂಪು ಮಾಡ್ತು. ಗಿಡ ಹೊಳಿವೇ, ಹೈಡ್ರಿಲ್ಲಾ ಮತ್ತ ಉದ್ದನ್ನ ಪಟ್ಟಿ ಎಲಿದು ವ್ಯಾಲಿಸ್ನೇರಿಯಾ. ಬೀದರಿನ ಥಂಡಿ ಇವಕ್ಕ ಹುಟ್ಟಿದಾಗಿಂದ ಗೊತ್ತು, ಹೀಟರ್ ಹಚ್ಚಿಲ್ಲ. ವಾರಕ್ಕೊಮ್ಮೆ ಪಾವು ಪಾಲು ನೀರು ಬದಲು, ತಗದ ನೀರು ತುಳಸಿ ಕಟ್ಟಿಗಿ, ಕರಿಬೇವಿಗಿ. ಐದು ವಾರ ಬರೀ ಗಿಡ, ನೀರು ಇಟ್ಟು, ಆಮ್ಯಾಲ ಮೀನ ಬಿಟ್ಟೀನಿ, ಅದು ಭಿ ಒಮ್ಮೆಲೇ ಅಲ್ಲ, ನಾಕು ನಾಕು. ಇವತ್ತಿಗಿ ಎಂಟು ತಿಂಗಳಾಯಿತು. ಹದಿನೆಂಟರಾಗ ಹದಿನೇಳು ಆವ.

ಮತ್ತ ಒಂದು ಮಾತು ಕೈ ಮುಗಿದು ಹೇಳ್ತೀನಿ. ಅಂಗಡಿ ಮೀನ ಬ್ಯಾಸರ ಆದ್ರ ಕಾರಂಜಾಕ್ಕ, ಪಾಪನಾಶದ ಕೆರಿಗಿ, ಊರ ಬಾಂವಿಗಿ ಬಿಡಬ್ಯಾಡ್ರಿ. ಪುಣ್ಯ ಅಂತ ತಿಳಿದು ಬಿಡ್ತೀವಿ. ಮೊದಲ ಟಾಕಿದಾಗ ಉಳಿದ ಸಕ್ಕರ್ ಮೀನ ನಾನೂ ಕೊಡದಾಗ ಹಾಕಿ ಕಾರಂಜಾಕ್ಕ ಹೊಂಟಿದ್ದೆ. ಆಂಧ್ರ, ತೆಲಂಗಾಣದ ನೀರಾಗ ಅದು ಹಬ್ಬಿ ಮೀನಗಾರರ ಬಲಿ ಹರೀಲತ್ತದ ಅಂತ ಕಾಕು ತಡದಳು. ಕೊಡ ಕೈಯಾಗ ಹಿಡಕೊಂಡು ನಿಂತಾಗ ನನಗ ನಮ್ಮ ಬಾಂವಿ ಪಾವಟಿಗಿ ನೆನಪಾಯಿತು. ಅದೇ ಕೊಡ, ಅದೇ ಹೆಮ್ಮೆ, ಅದೇ ನಾನು. ವಾಪಸ ಬಂದು ಅದನ್ನ ಮಗನ ದೋಸ್ತನ ದೊಡ್ಡ ಟಾಕಿಗಿ ಕೊಟ್ಟೆ.

ತವರಮನಿ ಬಾಂವಿ ಈಗ ಇಲ್ಲ. ಬೋರ್ ಹಾಕಿದ ಮ್ಯಾಲ ಬತ್ತಿತು, ಬತ್ತಿದ ಮ್ಯಾಲ ಮುಚ್ಚಿದ್ರು, ಅದರ ಮ್ಯಾಲ ಈಗ ಸೋಯಾ ಬೆಳೀತಾರ. ಕರೇ ಗೆರಿ ಮೀನು ಮಾಂಜ್ರಾದಾಗ ಅದ ಅಂಬೋದೇ ನನಗ ಸಮಾಧಾನ.

ನಮ್ಮ ಅತ್ತಿಯೋರು ಈಗ ದಿನಾ ಸಂಜಿಗಿ ಲಿಂಗಪೂಜಿ ಮುಗಿಸಿ ಟಾಕಿ ಮುಂದ ಕುರ್ಚಿ ಹಾಕ್ಕೊಂಡು ಕೂಡ್ತಾರ. "ಇದು ಯಾವುದು, ಅದು ಯಾವುದು" ಅಂತ ಮೊಮ್ಮಗಳಿಗಿ ಕೇಳ್ತಾರ, ಅಕಿ ರಾಸ್ಬೋರಾ, ಟಿಕ್ಟೊ ಅಂತ ಹೇಳ್ತಾಳ. ಹ್ವಾದ ವಾರ ಕಾಕು ಬಂದಾಗ ಅತ್ತಿಯೋರೇ ಅಕಿಗಿ ಒಳಗ ಕರದು ಚಾ ಕೊಡಿಸಿ, "ನಿಮ್ಮವ್ವ ಇವಕ್ಕ ಏನಂತಿದ್ಳವ್ವಾ?" ಅಂತ ಕೇಳಿದ್ರು. ಕಾಕು ನೆನಪ ಮಾಡಿ ಮಾಡಿ ಮೂರು ಹೆಸರು ಹೇಳಿದಳು. ಮೊಮ್ಮಗಳು ನೋಟಬುಕ್ಕಿನಾಗ ಬರಕೊಂಡಾಳ. ನಿಮ್ಮ ನಿಮ್ಮ ಊರಾಗ, ಭಾಲ್ಕಿದಾಗ, ಔರಾದಿನಾಗ, ಹಳ್ಳಿ ಕಡಿ, ಹಿರಿಯರು ಸಣ್ಣ ಮೀನಿಗಿ ಏನಂತ ಕರೀತಿದ್ರು ಅಂತ ಕೇಳಿ ನನಗ ಫೋನ್ ಮಾಡ್ರಿ. ಆ ನೋಟಬುಕ್ಕಿನಾಗ ಇನ್ನಾ ಭಾಳ ಹಾಳಿ ಖಾಲಿ ಆವ.